ನನ್ನ ಮೆಚ್ಚಿನ ಮೂರು ಆಲ್ಬಂ, ಮೂರೂ 1980ರವು

ವರ್ಷದ ಕೊನೆ ಬಂತೆಂದರೆ ಗೆಳೆಯರೆಲ್ಲ ಮೆಚ್ಚಿನ ಹಾಡು, ಸಿನಿಮಾಗಳ ಪಟ್ಟಿ ಹಾಕ್ತಾರೆ. ನನ್ನನ್ನೂ ಕೇಳಿದರು. ನಾನು ಕೇಳೋದು ಹೆವಿ ಮೆಟಲ್, ಹಾರ್ಡ್ ರಾಕ್. ಅಂದರೆ ಎಲೆಕ್ಟ್ರಿಕ್ ಗಿಟಾರ್, ಜೋರು ಡ್ರಮ್, ಗಂಟಲು ಹರಿಯುವಂಥ ಹಾಡು. ವರ್ಷ ಯಾವುದೇ ಬರಲಿ, ನನ್ನ ಪಟ್ಟಿ 1980ರಲ್ಲೇ ನಿಂತುಬಿಟ್ಟಿದೆ. ಆಗ ನಾನು ಹುಟ್ಟಿಯೇ ಇರಲಿಲ್ಲ.

ಮೊದಲನೆಯದು ‘ಬ್ಯಾಕ್ ಇನ್ ಬ್ಲ್ಯಾಕ್’. ಎಸಿ/ಡಿಸಿ ತಂಡದ ಹಾಡುಗಾರ ಬಾನ್ ಸ್ಕಾಟ್ ಆ ವರ್ಷ ಫೆಬ್ರವರಿ 19ರಂದು ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು ಬರೀ 33. ತಂಡ ಬ್ರಯಾನ್ ಜಾನ್ಸನ್‌ನನ್ನು ಸೇರಿಸಿಕೊಂಡು ಜುಲೈನಲ್ಲೇ ಆಲ್ಬಂ ತಂದಿತು. ಅದು ಶುರುವಾಗೋದೇ ಗಂಟೆಯ ಸದ್ದಿನಿಂದ. ಹೊದಿಕೆ ಪೂರ್ತಿ ಕಪ್ಪು, ಸತ್ತ ಗೆಳೆಯನ ಸೂತಕಕ್ಕೆ. ಆದರೆ ಒಳಗಿನ ಹಾಡುಗಳಲ್ಲಿ ಅಳು ಇಲ್ಲ.

ಎರಡನೆಯದು ಜೂಡಸ್ ಪ್ರೀಸ್ಟ್ ತಂಡದ ‘ಬ್ರಿಟಿಷ್ ಸ್ಟೀಲ್’. ಬರ್ಮಿಂಗ್‌ಹ್ಯಾಮ್ ಸುತ್ತಲಿನ ಕಾರ್ಖಾನೆ ಸೀಮೆಯ ಹುಡುಗರು. ಗಿಟಾರ್ ನುಡಿಸುವ ಗ್ಲೆನ್ ಟಿಪ್ಟನ್ ಬ್ರಿಟಿಷ್ ಸ್ಟೀಲ್ ಕಂಪನಿಯಲ್ಲೇ ದುಡಿದವನು. ಆಲ್ಬಂ ಬಂದದ್ದು ಏಪ್ರಿಲ್‌ನಲ್ಲಿ. ಆ ಕಂಪನಿಯ ಕಾರ್ಮಿಕರ ಮೂರು ತಿಂಗಳ ಮುಷ್ಕರ ಮುಗಿದದ್ದೂ ಅದೇ ತಿಂಗಳು. ಒಂದು ಹಾಡಿನಲ್ಲಿ ಉಕ್ಕಿನ ಕಾಲುಗಳು ನಡೆಯುವ ಸದ್ದು ಬೇಕಿತ್ತು. ಚಮಚ, ಚಾಕು ತುಂಬಿದ ತಟ್ಟೆ ಅಲ್ಲಾಡಿಸಿ ಅದನ್ನು ಹುಟ್ಟಿಸಿದರು.

ಮೂರನೆಯದು ಬ್ಲ್ಯಾಕ್ ಸಬ್ಬತ್ ತಂಡದ ‘ಹೆವನ್ ಆ್ಯಂಡ್ ಹೆಲ್’. ಹಳೆಯ ಹಾಡುಗಾರ ಆಜಿ ಆಸ್ಬರ್ನ್ ಜಾಗಕ್ಕೆ ರಾನಿ ಜೇಮ್ಸ್ ಡಿಯೋ ಬಂದಿದ್ದ. ಆದರೆ ನನಗೆ ಮುಖ್ಯ ಗಿಟಾರಿನ ಟೋನಿ ಅಯೋಮಿ. 17ನೇ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಕೆಲಸದ ಕೊನೇ ದಿನ, ಬಲಗೈಯ ಎರಡು ಬೆರಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಎಡಚ. ತಂತಿ ಒತ್ತಬೇಕಾದದ್ದು ಅದೇ ಕೈ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ತೆಳು ತಂತಿ ಹಾಕಿದ. ಮುಂದೆ ಬೆರಳಿಗೆ ಹಗುರಾಗಲೆಂದು ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ. ಆ ಇಳಿದ, ಭಾರವಾದ ನಾದವೇ ಮೆಟಲ್‌ನ ಗುರುತಾಯಿತು.

ಈ ಕಥೆ ನನ್ನನ್ನು ಬಿಡದಿರಲು ಕಾರಣವಿದೆ. ನಮ್ಮ ದೊಡ್ಡಪ್ಪನ ಮಗ, ಅಣ್ಣ, ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಮೇವು ಕತ್ತರಿಸುವ ಮಷಿನ್‌ಗೆ ಅವನ ಬಲಗೈಯ ಎರಡು ಬೆರಳು ಹೋದವು. ನಾನೇ ಸುದ್ದಿ ಕಳಿಸಿದೆ. ಎರಡು ಸಾಲು ಬಂತು. ಬೆರಳು ಹೋದದ್ದು ಸುದ್ದಿಯಾಯಿತು, ಪೆಟ್ಟಿಗೆ ಅಟ್ಟಕ್ಕೆ ಏರಿದ್ದು ಆಗಲಿಲ್ಲ.

ಹೋದ ತಿಂಗಳು ಅವನಿಗೆ ಅಯೋಮಿ ಕಥೆ ಹೇಳಿ, ಫೋನಿನಲ್ಲಿ ಹಾಡು ಹಾಕಿದೆ. “ಇದೇನೋ ತಮ್ಮಾ, ಹಿಟ್ಟಿನ ಗಿರಣಿ ಸಪ್ಪಳ ಇದ್ದಂಗ ಐತಿ” ಅಂತ ನಕ್ಕ. ಎದ್ದು ಹೋಗ್ತಾನೆ ಅಂದುಕೊಂಡೆ. ಹೋಗಲಿಲ್ಲ. ಹಾಡು ಮುಗಿಯೋವರೆಗೂ ಕೂತ.

ಆಮೇಲೆ ಕೇಳಿದ: “ಅವಂದು ಯಾವ್ಯಾವ ಬೆರಳು ಹೋಗಿದ್ವು?”

ನಡುಬೆರಳು, ಉಂಗುರ ಬೆರಳು ಅಂದೆ. ತನ್ನ ಕೈ ತಿರುಗಿಸಿ ನೋಡಿಕೊಂಡ. ಪೆಟ್ಟಿಗೆ ಇನ್ನೂ ಅಟ್ಟದಲ್ಲೇ ಇದೆ. ಆದರೆ ಮೊನ್ನೆ ಅತ್ತಿಗೆ ಹೇಳಿದರು, ಅದರ ಧೂಳು ಒರೆಸಿಟ್ಟಾನಂತೆ.