ಲಂಡನ್ನಿಗೆ ಎರಡೇ ದಿನ

ಲಂಡನ್ ನೋಡಲು ಎರಡು ದಿನ ಸಾಕೇ ಎಂದು ಕೇಳುತ್ತೀರಾ, ಸೋದರಿಯರೇ? ಸಾಲದು. ಆದರೆ ಅಲ್ಲಿ ನರ್ಸ್ ಆಗಿರುವ ನನ್ನ ತಂಗಿಗೆ ರಜಾ ಸಿಕ್ಕಿರುವುದು ಒಂದು ಶನಿವಾರ, ಭಾನುವಾರ ಮಾತ್ರ. ಉಳಿದ ದಿನ ಡ್ಯೂಟಿ. ಅವಳಿಲ್ಲದೆ ಊರು ಸುತ್ತಲು ನನಗೆ ಮನಸ್ಸಿಲ್ಲ. ಅವಳ ಮುಖ ನೋಡಿಯೇ ನಾಲ್ಕು ವರ್ಷವಾಯಿತು. ನಮ್ಮೆಜಮಾನರು ಹನ್ನೆರಡು ಸ್ಥಳಗಳ ಪಟ್ಟಿ ಬರೆದಿಟ್ಟಿದ್ದರು. ಅರೆಕೆರೆಯಿಂದ ಮೆಜೆಸ್ಟಿಕ್ಕಿಗೆ ಹೋಗಿಬರುವಷ್ಟರಲ್ಲೇ ಸುಸ್ತಾಗುವ ನಾವು ಹನ್ನೆರಡು ಕಡೆ ಓಡಿದರೆ ಅವಳ ಜೊತೆ ಕೂತು ಮಾತಾಡುವುದು ಯಾವಾಗ? ಒಂಬತ್ತನ್ನು ನಾನೇ ಹೊಡೆದುಹಾಕಿದೆ.

ವೆಸ್ಟ್‌ಮಿನ್‌ಸ್ಟರ್ ಅಬೆಯನ್ನು ಶನಿವಾರಕ್ಕೇ ಇಟ್ಟುಕೊಳ್ಳಿ. ಭಾನುವಾರ ಅಲ್ಲಿ ಪ್ರಾರ್ಥನೆ ಮಾತ್ರ, ನೋಡಲು ಬಂದವರನ್ನು ಬಿಡುವುದಿಲ್ಲ. ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿದರೆ ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ನದಿಯಾಚೆ ಪಾರ್ಲಿಮೆಂಟು. ಅನುಭವ ಮಂಟಪದವರಿಗೆ ಎಂಥ ಜಾಗ ನೋಡಿ!

ಭಾನುವಾರ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಒಯ್ದ ಟಿಪ್ಪುವಿನ ಮರದ ಹುಲಿ ಅಲ್ಲಿದೆ. ಬಿಳಿಯನೊಬ್ಬನ ಮೇಲೆ ಎರಗಿದೆ, ಅದರ ಹೊಟ್ಟೆಯೊಳಗೆ ವಾದ್ಯ! ಪ್ರವೇಶಕ್ಕೆ ದುಡ್ಡಿಲ್ಲ. ನಮ್ಮದನ್ನು ನೋಡಲು ನಾವೇ ದುಡ್ಡು ತೆರಬೇಕಿದ್ದರೆ ನನಗಂತೂ ಸಂಕಟವಾಗುತ್ತಿತ್ತು.

ಅಂದಹಾಗೆ, ಅಲ್ಲಿನ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡೇ ಬೇಕು. ತಂಗಿಗೆ ಧಾರವಾಡ ಪೇಡೆ ಎಂದರೆ ಪ್ರಾಣ, ಆದರೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಚಟ್ನಿಪುಡಿ, ಕೋಡುಬಳೆ ಕಟ್ಟುತ್ತಿದ್ದೇನೆ. ಭಾನುವಾರ ಸಂಜೆ ಎಲ್ಲಿಗೂ ಹೋಗುವುದಿಲ್ಲ. ಅವಳ ತಲೆಗೆ ಎಣ್ಣೆ ಹಚ್ಚಬೇಕು.