ಹುಳುಮನೆಯ ಕಾವಲುಗಾರ

ಕೋಲಾರದಿಂದ ಮುಳಬಾಗಿಲಿನತ್ತ ಸಾಗುವ ಯಾತ್ರಿಕರ ಮನಸ್ಸೆಲ್ಲ ಆವಣಿಯ ಬೆಟ್ಟದ ಮೇಲೆ, ಕುರುಡುಮಲೆಯ ಗಣಪನ ಮೇಲೆ. ದಾರಿಯ ಹಿಪ್ಪುನೇರಳೆ ತೋಟಗಳತ್ತ ನೋಡುವವರು ವಿರಳ. ಅವುಗಳ ನಡುವಿನ ರೇಷ್ಮೆ ಹುಳುಮನೆಗೆ ಹೊರಗಿನವರ ಪ್ರವೇಶವಿಲ್ಲ, ಕಾವಲು ಬೆಕ್ಕಿನದು! ನಾಲ್ಕು ಬಾರಿ ಪೊರೆ ಕಳಚಿ (ರೈತರ ಮಾತಿನಲ್ಲಿ ನಾಲ್ಕು ‘ಜ್ವರ’ ಕಳೆದು), ಸುಮಾರು 25 ದಿನ ಸೊಪ್ಪು ಮೇದು ಹಣ್ಣಾದ ಹುಳುಗಳು ಚಂದ್ರಿಕೆಯೇರಿ ಗೂಡು ಕಟ್ಟುವ ಎರಡು ಮೂರು ರಾತ್ರಿಗಳೆಂದರೆ ಇಲಿಗಳಿಗೆ ಹಬ್ಬ. ಅಂಥ ರಾತ್ರಿಯೇ ಗಂಡುಬೆಕ್ಕು ಊರು ಸುತ್ತಹೊರಟರೆ ಮನೆಯಾಕೆಗೆ ನಿದ್ರೆಯೆಲ್ಲಿ? ಬೆಳೆಯ ಚಿಂತೆಯೊಂದೇ ಅಲ್ಲ. ನೆರೆಹೊಲದಲ್ಲಿ ಯಾರಾದರೂ ಪಾಷಾಣವಿಟ್ಟಿದ್ದು, ಅದನ್ನು ತಿಂದ ಇಲಿಯನ್ನು ಇದು ಹಿಡಿದರೆ ಗತಿಯೇನು? ಟಾರ್ಚು ಹಿಡಿದು ಹಿತ್ತಿಲಲ್ಲಿ ನಿಂತು ಕರೆಯುತ್ತಾಳೆ. ಗಡಿ ಸೀಮೆಯಾದ್ದರಿಂದ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ. ಒಳಗೆ ಸಾವಿರಾರು ಹುಳುಗಳು ಸದ್ದಿಲ್ಲದೆ ನೂಲು ಬಿಡುತ್ತಿರುತ್ತವೆ. ಮೇಲೆ ಮಾಲೂರಿನ ಹೆಂಚೊಂದು ಕಟಕಟಿಸುತ್ತದೆ. ಬೆಕ್ಕೋ, ಇಲಿಯೋ?