ಮೋಡದಂಥ ರ‍್ಯಾಪ್: ನಿಧಾನವೂ ದುಡಿಮೆಯೇ

ರಾತ್ರಿ ಮೊಬೈಲ್‌ನಲ್ಲಿ ಕನ್ನಡ ಸಿನಿಮಾ ಹಾಡುಗಳ ‘ಸ್ಲೋಡ್ ಅಂಡ್ ರಿವರ್ಬ್’ ಕೇಳುವವರು ನಿಮ್ಮಲ್ಲೂ ಇರುತ್ತೀರಿ. ಗೊತ್ತಿರುವ ಹಾಡೇ, ಆದರೆ ವೇಗ ಕಡಿಮೆ. ಗಾಯಕರ ದನಿ ಸ್ವಲ್ಪ ದಪ್ಪ. ಕಲ್ಲಿನ ಮಂಟಪದೊಳಗೆ ನಿಂತು ಹಾಡಿದಂತೆ ಸುತ್ತ ಗುಂಯ್ ಎನ್ನುವ ಪ್ರತಿಧ್ವನಿ. ಈ ರುಚಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ದಾರಿ ಅಮೆರಿಕದ ಹ್ಯೂಸ್ಟನ್ ನಗರಕ್ಕೆ ಮುಟ್ಟುತ್ತದೆ. ಅದೇ ದಾರಿಯಲ್ಲಿ ‘ಕ್ಲೌಡ್ ರ‍್ಯಾಪ್’ ಎಂಬ ಹಿಪ್ ಹಾಪ್‌ನ ಕವಲೊಂದು ಸಿಗುತ್ತದೆ. ನಮಗೆ ಅದು ಬಹಳ ಇಷ್ಟ. ಯಾಕೆ ಅಂತ ಹೇಳುತ್ತೇವೆ.

ರ‍್ಯಾಪ್ ಅಂದರೆ ನಮಗೆ ನೆನಪಾಗುವುದು ಚಂದನ್ ಶೆಟ್ಟಿ, ಆಲ್ ಓಕೆ. ಪಟಪಟ ಮಾತು, ಕುಣಿಸುವ ಬೀಟು. ಕ್ಲೌಡ್ ರ‍್ಯಾಪ್ ಹಾಗಲ್ಲ. ಪಕ್ಕದ ಊರಿನ ಬಯಲಾಟದ ಮೈಕ್‌ಸೆಟ್ ಸದ್ದು ರಾತ್ರಿ ಗಾಳಿಯಲ್ಲಿ ತೇಲಿ ಬರುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಪದ ತಿಳಿಯುವುದಿಲ್ಲ, ಭಾಗವತರ ಎಳೆದ ದನಿ ಮಾತ್ರ ಬರುತ್ತದೆ. ಒಮ್ಮೆ ಹತ್ತಿರ, ಒಮ್ಮೆ ದೂರ. ಇಲ್ಲಿ ಆ ‘ದೂರ’ವನ್ನು ಕಂಪ್ಯೂಟರಿನಲ್ಲಿ ಕೂತು ಕಟ್ಟುತ್ತಾರೆ. ಯಾವುದೋ ಹಾಡಿನಿಂದ ಹೆಣ್ಣುದನಿಯ ಒಂದು ತುಣುಕು ತೆಗೆದು, ಎಳೆದು, ಪ್ರತಿಧ್ವನಿ ಸೇರಿಸಿ ಹೊಗೆಯಂತೆ ಹರಡುತ್ತಾರೆ. ಕೆಳಗೆ ಭಾರವಾದ ನಿಧಾನ ಬೀಟು. ಮೇಲೆ ರ‍್ಯಾಪರ್ ಅರೆನಿದ್ದೆಯಲ್ಲಿದ್ದವನಂತೆ ಮಾತಾಡುತ್ತಾನೆ.

ನಿಧಾನದ ಬೀಜ ಬಿತ್ತಿದವರು ಡಿಜೆ ಸ್ಕ್ರೂ. ಟೆಕ್ಸಾಸ್ ರಾಜ್ಯದ ಸ್ಮಿತ್‌ವಿಲ್ ಎಂಬ ಸಣ್ಣ ಊರಿನವರು, 1971ರಲ್ಲಿ ಹುಟ್ಟಿದವರು. 1990ರ ದಶಕದಲ್ಲಿ ಹ್ಯೂಸ್ಟನ್‌ನ ತಮ್ಮ ಮನೆಯಲ್ಲೇ ಕೂತು ಕ್ಯಾಸೆಟ್ ಮಾಡುತ್ತಿದ್ದರು. ಎರಡು ಪ್ಲೇಯರ್‌ಗಳಲ್ಲಿ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು, ಒಂದನ್ನು ಚೂರು ಹಿಂದೆ ಬಿಟ್ಟು ಓಡಿಸಿ, ಪದಗಳು ಮರುಕಳಿಸುವಂತೆ ಕೈಯಲ್ಲೇ ಕತ್ತರಿಸುತ್ತಿದ್ದರು. ಆಮೇಲೆ ಇಡೀ ಹಾಡಿನ ವೇಗ ಇಳಿಸುತ್ತಿದ್ದರು. ಕ್ಯಾಸೆಟ್ ಕೊಳ್ಳಲು ಮನೆ ಗೇಟಿನ ಮುಂದೆ ಕಾರುಗಳು ಸಾಲು ನಿಲ್ಲುತ್ತಿದ್ದವು. ಅವರು ಬಳಸಿದ ರೆಕಾರ್ಡುಗಳ ಸಂಗ್ರಹ ಇವತ್ತು ಹ್ಯೂಸ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಅದಾದ ಮೇಲೆ ಬಂದದ್ದು ಇಂಟರ್ನೆಟ್ ಕಾಲ. ನ್ಯೂಜೆರ್ಸಿಯ ನಟ್ಲಿ ಎಂಬಲ್ಲಿ ಮೈಕೆಲ್ ವೋಲ್ಪಿ ಎಂಬ ಹುಡುಗ ಫಿಸಿಯೋಥೆರಪಿ ಓದುತ್ತಿದ್ದ. ಬಿಡುವಿನಲ್ಲಿ ತಾಯಿಯ ಮನೆಯಲ್ಲಿ ಕೂತು ಬೀಟ್ ಮಾಡುತ್ತಿದ್ದ. ಇಟ್ಟುಕೊಂಡ ಹೆಸರು ಕ್ಲ್ಯಾಮ್ಸ್ ಕ್ಯಾಸಿನೊ. ಹಾಡು ಹುಡುಕುವ ಅವನ ರೀತಿಯೇ ಮಜವಾಗಿತ್ತು. ‘ನೀಲಿ’, ‘ಚಳಿ’ ಅಂತ ತೋಚಿದ ಇಂಗ್ಲಿಷ್ ಪದ ಟೈಪ್ ಮಾಡಿ, ಸಿಕ್ಕಿದ್ದನ್ನು ಇಳಿಸಿಕೊಂಡು, ಅದರಿಂದ ದನಿಯ ಚೂರು ತೆಗೆಯುತ್ತಿದ್ದ. ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಲಿಲ್ ಬಿ ಎಂಬ ರ‍್ಯಾಪರ್ ಇದ್ದ. ಮೈಸ್ಪೇಸ್‌ನಲ್ಲಿ ಪುಟದ ಮೇಲೆ ಪುಟ ತೆರೆದು ಹಾಡುಗಳನ್ನು ಪುಕ್ಕಟೆ ಹಂಚುತ್ತಿದ್ದ. ಅದೇ ಮೈಸ್ಪೇಸ್‌ನಲ್ಲಿ ಮೆಸೇಜು ಹೋಯಿತು, ಬೀಟುಗಳು ಹೋದವು. ಒಬ್ಬರ ಮುಖ ಒಬ್ಬರು ನೋಡದೆಯೇ 2009ರಲ್ಲಿ ‘ಐ ಆಮ್ ಗಾಡ್’ ಎಂಬ ಹಾಡು ಹುಟ್ಟಿತು. ಅದರಲ್ಲಿ ತೇಲುವುದು ಇಂಗ್ಲೆಂಡಿನ ಗಾಯಕಿ ಇಮೊಜೆನ್ ಹೀಪ್ ಅವರ ದನಿ.

2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಏಸ್ಯಾಪ್ ರಾಕಿ ಇದೇ ಕ್ಲ್ಯಾಮ್ಸ್ ಕ್ಯಾಸಿನೊ ಬೀಟುಗಳನ್ನೂ ಹ್ಯೂಸ್ಟನ್‌ನ ನಿಧಾನವನ್ನೂ ಸೇರಿಸಿ ಒಂದು ಮಿಕ್ಸ್‌ಟೇಪ್ ಬಿಟ್ಟ. ಅದೂ ಪುಕ್ಕಟೆ. ಅಲ್ಲಿಂದ ಈ ಸದ್ದು ಲೋಕಕ್ಕೆಲ್ಲ ಗೊತ್ತಾಯಿತು, ದುಡ್ಡೂ ಬಂತು. ‘ಐ ಆಮ್ ಗಾಡ್’ ಹಾಡಿಗೆ ಮಾತ್ರ ಬಳಸಿದ ದನಿಯ ಹಕ್ಕು ಇತ್ಯರ್ಥವಾಗಿ ಅಧಿಕೃತ ಬಿಡುಗಡೆ ಸಿಕ್ಕಿದ್ದು 2020ರಲ್ಲಿ. ಹನ್ನೊಂದು ವರ್ಷ!

ಇಲ್ಲಿ ಒಂದು ಕಹಿ ಮಾತೂ ಹೇಳಬೇಕು. ಡಿಜೆ ಸ್ಕ್ರೂ ತೀರಿಕೊಂಡಾಗ ವಯಸ್ಸು ಬರೀ 29. ಕಾರಣದಲ್ಲಿ ಕೆಮ್ಮಿನ ಸಿರಪ್ಪಿನ ಕೊಡೀನ್ ಇತ್ತು. ಈ ಬಗೆಯ ಎಷ್ಟೋ ಹಾಡುಗಳಲ್ಲಿ ಆ ಸಿರಪ್ಪನ್ನು ಹೊಗಳುತ್ತಾರೆ. ಹೆಂಗಸರ ಬಗ್ಗೆ ಕೀಳು ಮಾತೂ ಇರುತ್ತದೆ. ಸಿರಪ್ ಕುಡಿದರೇ ಈ ಸಂಗೀತ ತಿಳಿಯುವುದು ಅಂತ ಹೇಳುವ ಹುಡುಗರನ್ನು ನಾವು ನೋಡಿದ್ದೇವೆ. ಶಾಲೆಯ ಹಿಂದಿನ ಹಳ್ಳದಲ್ಲಿ ಬಿದ್ದ ಖಾಲಿ ಬಾಟಲಿಗಳ ಫೋಟೋ ತೆಗೆದು ಸುದ್ದಿಯನ್ನೂ ಕಳಿಸಿದ್ದೇವೆ. ಆ ಹುಡುಗರಿಗೆ ನಾವು ಹೇಳುವುದು ಇಷ್ಟೇ: ನಿಧಾನ ಬಾಟಲಿಯಿಂದ ಬಂದದ್ದಲ್ಲ. ಒಬ್ಬ ಮನುಷ್ಯ ರಾತ್ರಿಯೆಲ್ಲ ರೆಕಾರ್ಡು ತಿರುಗಿಸಿದ. ಇನ್ನೊಬ್ಬ ಓದಿನ ನಡುವೆ ಮೌಸ್ ಹಿಡಿದು ದನಿ ಎಳೆದ. ಅದು ಕೈಕೆಲಸ. ಸಿರಪ್ಪು ಕೊಟ್ಟದ್ದು ಸಾವು ಮಾತ್ರ.

ನಮಗೆ ಯಾಕೆ ಇಷ್ಟ ಅಂದೆವಲ್ಲ. ಜಿಲ್ಲಾ ವರದಿಗಾರಿಕೆ ಅಂದರೆ ಇಡೀ ದಿನ ಅವಸರ. ಸಂತೆಯಲ್ಲಿ ನಿಂತು ವಿಡಿಯೋ ಕಳಿಸು, ಅಪಘಾತದ ಜಾಗದಿಂದ ಮೂರು ಸಾಲು ಕಳಿಸು, ‘ಬೇಗ, ಬೇಗ’ ಅಂತ ಫೋನು. ಸುದ್ದಿಗೆ ಇಷ್ಟು ಅಂತ ದುಡ್ಡು. ಅದೂ ಬಂದಾಗ ಬಂತು. ರಾತ್ರಿ ಕೊನೆಯ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡಾಗ ಈ ಹಾಡು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಇಂಗ್ಲಿಷ್ ಪದ ಅರ್ಧ ತಿಳಿಯದಿದ್ದರೂ ನಡೆಯುತ್ತದೆ, ಪದ ಮಸುಕಾಗಲಿ ಅಂತಲೇ ಕಟ್ಟಿದ ಹಾಡು ಅದು. ‘ಇದೇನು ತೂಕಡಿಸುವ ಹಾಡು’ ಅಂತ ಮನೆಯವರು ಬೈಯುತ್ತಾರೆ. ಬೈಯಲಿ. ದಿನಕ್ಕೆ ಅರ್ಧ ಗಂಟೆ ಯಾರೂ ಓಡಿಸದೆ ಇರುವುದು ನಮಗೆ ಬೇಕು.

ಕೇಳಬೇಕು ಅನ್ನಿಸಿದರೆ ಕ್ಲ್ಯಾಮ್ಸ್ ಕ್ಯಾಸಿನೊ 2011ರಲ್ಲಿ ಬಿಟ್ಟ ‘ಇನ್‌ಸ್ಟ್ರುಮೆಂಟಲ್ಸ್’ ಸಂಗ್ರಹದಿಂದ ಶುರು ಮಾಡಿ. ಅದರಲ್ಲಿ ರ‍್ಯಾಪ್ ಮಾತಿಲ್ಲ, ಮನೆಯಲ್ಲಿ ಮಕ್ಕಳ ಮುಂದೆಯೂ ಹಾಕಬಹುದು. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಕೆಳಗಿನ ಬೀಟು ಕೇಳಿಸುವುದೇ ಇಲ್ಲ. ನೂರು ರೂಪಾಯಿಯ ಇಯರ್‌ಫೋನ್ ಆದರೂ ಸಾಕು.

ಇನ್ನೊಂದು ಕೆಲಸ ಮಾಡಿ. ನೀವು ಕೇಳುವ ‘ಸ್ಲೋಡ್’ ಕನ್ನಡ ಹಾಡಿನ ಕೆಳಗೆ ಮೂಲ ಗಾಯಕರ, ಸಾಹಿತ್ಯ ಬರೆದವರ, ಸಂಗೀತ ಕೊಟ್ಟವರ ಹೆಸರು ಇದೆಯೇ ನೋಡಿ. ಬಹಳ ಕಡೆ ಇರುವುದಿಲ್ಲ. ಇಲ್ಲದಿದ್ದರೆ ಕೆಳಗೆ ನೀವೇ ಬರೆದು ಹಾಕಿ. ನಮ್ಮ ಸುದ್ದಿಗಳು ಹೆಸರಿಲ್ಲದೆ ಅಚ್ಚಾಗಿ ಅಚ್ಚಾಗಿ, ಹೆಸರಿನ ಬೆಲೆ ಎಷ್ಟು ಅಂತ ನಮಗೆ ಗೊತ್ತಿದೆ.